ಆ ಒಂದು ಲೆಕ್ಕ ಬಿಟ್ಟರೆ ಏನಾಯ್ತು?

"ನಮ್ಮ ಹುಡುಗ ಒಂದು ಲೆಕ್ಕ ಹಿಡಿದರೆ ಬಿಡೋನೇ ಅಲ್ಲ ಸಾರ್." ಹಾಸನದಲ್ಲಿ ನೀಟ್‌ಗೆ (ವೈದ್ಯಕೀಯ ಪ್ರವೇಶ ಪರೀಕ್ಷೆಗೆ) ಭೌತಶಾಸ್ತ್ರ ಹೇಳಿಕೊಡುವ ನನಗೆ ಅಪ್ಪ ಅಮ್ಮಂದಿರು ಬಹಳ ಹೆಮ್ಮೆಯಿಂದ ಹೇಳುವ ಮಾತು ಇದು. ಕೇಳಿದಾಗೆಲ್ಲ ನನಗೆ ಒಳಗೇ ದಿಗಿಲು. ಪರೀಕ್ಷೆಯ ದಿನ ಮಧ್ಯಾಹ್ನ ಆ ಹುಡುಗ ಏನು ಮಾಡಿಕೊಂಡು ಬರುತ್ತಾನೆ ಅನ್ನೋದು ಆಗಲೇ ಗೊತ್ತಾಗಿಬಿಡುತ್ತದೆ.

ಎನ್‌ಸಿಇಆರ್‌ಟಿ ಪಠ್ಯಪುಸ್ತಕ ಓದಿ, ಹಳೇ ಪ್ರಶ್ನೆಪತ್ರಿಕೆ ಮಾಡಿ ಅಂತ ಇಲ್ಲಿ ಬರೆಯೋಕೆ ಹೋಗಲ್ಲ. ಅದು ಎಲ್ಲರಿಗೂ ಗೊತ್ತು. ನಾನು ಹೇಳಬೇಕಾಗಿರೋದು ಒಂದೇ ವಿಷಯ. ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗೋದನ್ನೂ ಅಭ್ಯಾಸ ಮಾಡಬೇಕು.

2025ರ ಪತ್ರಿಕೆ ನೋಡಿ. 180 ಪ್ರಶ್ನೆ, 180 ನಿಮಿಷ. ಭೌತಶಾಸ್ತ್ರ 45, ರಸಾಯನಶಾಸ್ತ್ರ 45, ಜೀವಶಾಸ್ತ್ರ 90. ಸರಿ ಉತ್ತರಕ್ಕೆ 4 ಅಂಕ, ತಪ್ಪಾದರೆ 1 ಕಡಿತ, ಬಿಟ್ಟರೆ ಸೊನ್ನೆ. ಅದಕ್ಕೂ ಮೊದಲು ಕೆಲವು ವರ್ಷ 200 ಪ್ರಶ್ನೆ ಕೊಟ್ಟು 180ಕ್ಕೆ ಉತ್ತರಿಸಿ ಅನ್ನುತ್ತಿದ್ದರು. ಆ ಆಯ್ಕೆ ಹೋಯಿತು. ಅಣ್ಣನದೋ ಅಕ್ಕನದೋ ಹಳೇ ನೋಟ್ಸ್ ಇಟ್ಟುಕೊಂಡು ಲೆಕ್ಕ ಹಾಕುವವರು ಇದನ್ನು ಗಮನಿಸಿ.

ಪ್ರಶ್ನೆಗೆ ಒಂದು ನಿಮಿಷ ಆಯ್ತಲ್ಲ ಅಂತ ಸುಮ್ನೆ ಭಾಗಿಸಿಬಿಡುತ್ತಾರೆ. ಓಎಂಆರ್ ಹಾಳೆಯಲ್ಲಿ, ಅಂದರೆ ಯಂತ್ರ ಓದುವ ಉತ್ತರ ಹಾಳೆಯಲ್ಲಿ, ಉತ್ತರದ ವೃತ್ತ ತುಂಬೋಕೂ ಸಮಯ ಬೇಕು, ಅಲ್ವಾ? ಅದೂ ಆ 180 ನಿಮಿಷದ ಒಳಗೇ. ಹಾಗಾಗಿ ಕೈಯಲ್ಲಿರೋದು ನಿಮಿಷಕ್ಕಿಂತ ಕಡಿಮೆ.

ಈಗ ನಿಧಾನವಾಗಿ ಓದಿ. ನಮ್ಮ ಛಲಗಾರ ಹುಡುಗ ಮೂರು ಲೆಕ್ಕದಲ್ಲಿ ಸಿಕ್ಕಿಕೊಳ್ಳುತ್ತಾನೆ ಅಂದುಕೊಳ್ಳಿ. ಒಂದೊಂದಕ್ಕೆ ಆರು ನಿಮಿಷ. ಒಟ್ಟು 18 ನಿಮಿಷ ಹೋಯಿತು. ಮೂರೂ ಸರಿ ಬಂತು ಅಂತಲೇ ಇಟ್ಟುಕೊಳ್ಳೋಣ, 12 ಅಂಕ. ಕೊನೆಗೆ ಗಂಟೆ ಹೊಡೆದಾಗ ಜೀವಶಾಸ್ತ್ರದ 20 ಪ್ರಶ್ನೆ ಓದದೇ ಉಳಿದಿವೆ. ಓದಿದ್ದರೆ ಅದರಲ್ಲಿ 15 ಸರಿ, 5 ತಪ್ಪು ಆಗ್ತಿತ್ತು ಅನ್ನಿ. 60ರಲ್ಲಿ 5 ಕಳೆದರೆ 55. ಅಂದರೆ 12 ಅಂಕ ಗೆದ್ದ ಖುಷಿಯಲ್ಲಿ 55 ಅಂಕ ಬಿಟ್ಟು ಬಂದಿದ್ದಾನೆ. ಹೊರಗೆ ಬಂದು ಹೇಳೋದು ಏನು? "ಎಲ್ಲಾ ಗೊತ್ತಿತ್ತು ಸಾರ್, ಟೈಮ್ ಸಾಲಲಿಲ್ಲ."

ಇದನ್ನು ಬೋರ್ಡ್ ಮೇಲೆ ಬರೆದು ತೋರಿಸುತ್ತೇನೆ. ಎಲ್ಲರೂ ತಲೆ ಆಡಿಸುತ್ತಾರೆ. ಮುಂದಿನ ಟೆಸ್ಟ್‌ನಲ್ಲಿ ಮತ್ತೆ ಅದೇ ಕಥೆ.

ಮಕ್ಕಳನ್ನು ಬೈದು ಪ್ರಯೋಜನ ಇಲ್ಲ. ನಾವೇ ಕಲಿಸಿದ ಚಾಳಿ ಇದು. ಪಿಯು ಪರೀಕ್ಷೆಯಲ್ಲಿ ಉತ್ತರ ತಪ್ಪಿದರೂ ಸೂತ್ರ ಬರೆದರೆ, ನಾಲ್ಕು ಹೆಜ್ಜೆ ಸರಿ ಇದ್ದರೆ ಅಂಕ ಸಿಗುತ್ತದೆ. ಅಲ್ಲಿ ಪಟ್ಟು ಹಿಡಿಯೋದು ಲಾಭ. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪಿಗೆ ಕಡಿತವೂ ಇಲ್ಲ. ಅಲ್ಲಿ ಒಂದನ್ನೂ ಖಾಲಿ ಬಿಡಬಾರದು. ಕೆಲವೇ ವಾರಗಳ ಅಂತರದಲ್ಲಿ ಮೂರು ಪರೀಕ್ಷೆ, ಮೂರು ಥರದ ಬುದ್ಧಿ. ದೊಡ್ಡವರಿಗೂ ಕಷ್ಟವೇ.

ಸಕಲೇಶಪುರ ಕಡೆಯ ಒಬ್ಬ ಬೆಳೆಗಾರರು ಮಗಳ ಅಂಕ ವಿಚಾರಿಸಲು ಬಂದಿದ್ದರು. ಹುಡುಗಿ ಜಾಣೆ, ಆದರೆ ಪ್ರತಿ ಟೆಸ್ಟ್‌ನಲ್ಲೂ ಮೂವತ್ತು ಮೂವತ್ತೈದು ಪ್ರಶ್ನೆ ಮುಟ್ಟದೇ ಬರುತ್ತಿದ್ದಳು. ನಾನು ಮೇಲಿನ ಲೆಕ್ಕವನ್ನೆಲ್ಲ ವಿವರಿಸಿದೆ. ಅವರು ಕೇಳಿ, ಮಗಳ ಕಡೆ ತಿರುಗಿ, "ಅಲ್ಲವ್ವಾ, ಕಾಫಿ ಕೊಯ್ಯುವಾಗ ಕಾಯಿ ಹಣ್ಣಾಗಲಿ ಅಂತ ಆ ಗಿಡದ ಬುಡದಲ್ಲೇ ಕೂತ್ಕೋತೀವಾ? ಹಣ್ಣು ಬಿಡಿಸ್ಕೊಂಡು ಮುಂದಿನ ಗಿಡಕ್ಕೆ ಹೋಗ್ತೀವಿ. ಕಾಯಿಗೆ ಇನ್ನೊಂದು ಸುತ್ತು ಬರೋದು," ಅಂದರು. ನಾನು ಎರಡು ತಿಂಗಳಿಂದ ಹೇಳುತ್ತಿದ್ದದ್ದು ಅವಳ ತಲೆಗೆ ಹೋದದ್ದು ಅವತ್ತು. ಸ್ವಲ್ಪ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ.

ಸುತ್ತು ಹೇಗೆ ಅಂತ ಕೇಳುತ್ತೀರಿ. ಪ್ರಶ್ನೆ ಓದಿ ಅರ್ಧ ನಿಮಿಷದಲ್ಲಿ ದಾರಿ ಕಾಣದಿದ್ದರೆ ಪುಸ್ತಿಕೆಯಲ್ಲಿ ಅದರ ಪಕ್ಕ ಒಂದು ಗುರುತು ಹಾಕಿ, ಮುಂದೆ ನಡೆಯಿರಿ. ದಾರಿ ಕಂಡರೂ ಎರಡು ನಿಮಿಷ ದಾಟಿದರೆ ಹಾಗೇ ಮಾಡಿ. ಅರ್ಧ ಮಾಡಿದ ಲೆಕ್ಕ ಬಿಡೋಕೆ ಹೊಟ್ಟೆ ಉರಿಯುತ್ತದೆ, ಗೊತ್ತು. ಬಿಡಿ. ಆದರೆ ಓಎಂಆರ್‌ನಲ್ಲಿ ಆ ಸಾಲನ್ನು ಖಾಲಿ ಬಿಟ್ಟಿದ್ದೀರಾ ಅಂತ ನೋಡಿಕೊಳ್ಳಿ. ಒಂದು ಸಾಲು ಜಾರಿದರೆ ಕೆಳಗಿನದೆಲ್ಲ ಜಾರುತ್ತದೆ, ಪೆನ್ನಿನಲ್ಲಿ ತುಂಬಿದ್ದನ್ನು ಅಳಿಸೋಕೂ ಆಗಲ್ಲ. ಪುಸ್ತಿಕೆಯ ಒಂದೊಂದು ಪುಟ ಮುಗಿದ ಹಾಗೆ ತುಂಬಿಕೊಂಡು ಹೋಗೋದು ಒಳ್ಳೆಯದು. ಎಲ್ಲಾ ಕೊನೆಯ ಹತ್ತು ನಿಮಿಷಕ್ಕೆ ಅಂತ ಇಟ್ಟುಕೊಂಡು ಕೈ ನಡುಗಿಸಿಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ.

ಯಾವ ವಿಷಯ ಮೊದಲು? ಹೆಚ್ಚಿನವರಿಗೆ ಜೀವಶಾಸ್ತ್ರ ಅನ್ನುತ್ತೇನೆ. ಅರ್ಧ ಅಂಕ ಅಲ್ಲೇ ಇದೆ, ಇಬ್ಬರಿಗೆ ಸಮ ಅಂಕ ಬಂದರೂ ಮೊದಲು ನೋಡೋದು ಜೀವಶಾಸ್ತ್ರದ ಅಂಕವನ್ನೇ. ಭೌತಶಾಸ್ತ್ರದ ಮೇಷ್ಟ್ರು ಹೀಗೆ ಹೇಳಿದರೆ ಸಹೋದ್ಯೋಗಿಗಳು ನಗುತ್ತಾರೆ, ನಗಲಿ. ಆದರೂ ಇದು ಎಲ್ಲರಿಗೂ ಒಗ್ಗುತ್ತದೆ ಅಂತ ಹೇಳಲಾರೆ. ಊಟ ಆದ ಮೇಲೆ ಲೆಕ್ಕದಿಂದಲೇ ಎಚ್ಚರ ಆಗುವ ಮಕ್ಕಳೂ ಇದ್ದಾರೆ. ಎರಡೂ ಥರ ಮಾಡಿ ನೋಡಿ ತೀರ್ಮಾನಿಸಿ. ಪರೀಕ್ಷೆಯ ದಿನ ಮಾತ್ರ ಹೊಸ ಪ್ರಯೋಗ ಬೇಡ.

ಊಹೆಯ ಬಗ್ಗೆಯೂ ಕೇಳುತ್ತಾರೆ. ನಾಲ್ಕರಲ್ಲಿ ಎರಡು ಖಂಡಿತ ಅಲ್ಲ ಅಂತ ಗೊತ್ತಿದ್ದರೆ ಉಳಿದೆರಡರಲ್ಲಿ ಒಂದನ್ನು ತುಂಬೋದು ಲೆಕ್ಕದ ಪ್ರಕಾರ ಲಾಭವೇ. ಏನೂ ಗೊತ್ತಿಲ್ಲದೆ ಸಾಲಾಗಿ ತುಂಬೋದು ಬೇಡ. ಸರಾಸರಿಯಲ್ಲಿ ಸಿಗೋದು ಪ್ರಶ್ನೆಗೆ ಕಾಲು ಅಂಕ, ಅದೃಷ್ಟ ಕೆಟ್ಟರೆ ಅದೂ ಇಲ್ಲ.

ಇದೆಲ್ಲ ಮನೆಯಲ್ಲಿ ಅಭ್ಯಾಸ ಆಗಬೇಕು, ಅದೂ ಸರಿಯಾದ ಹೊತ್ತಿನಲ್ಲಿ. ಬೆಳಗ್ಗೆ ಐದಕ್ಕೆ ಎದ್ದು ತಂಪು ಹೊತ್ತಿನಲ್ಲಿ ಮಾಕ್ ಟೆಸ್ಟ್ ಬರೆದು 600 ಬಂತು ಅಂತ ತೋರಿಸುತ್ತಾರೆ. ನೀಟ್ ನಡೆಯೋದು ಮಧ್ಯಾಹ್ನ 2ರಿಂದ 5. ಮೇ ತಿಂಗಳ ಬಿಸಿಲು, ಮುದ್ದೆ ಉಂಡ ಹೊಟ್ಟೆ, ಕಣ್ಣೆಳೆಯುವ ಹೊತ್ತು. ಕೈಗಡಿಯಾರ ಒಳಗೆ ಬಿಡೋದಿಲ್ಲ. ಆದ್ದರಿಂದ ಭಾನುವಾರ ಅದೇ ಮೂರು ಗಂಟೆ, ಗಡಿಯಾರ ಗೋಡೆಯ ಮೇಲೆ, ಕೈಯಲ್ಲಿ ಪೆನ್ನು, ಮುಂದೆ ಓಎಂಆರ್ ಹಾಳೆಯ ಜೆರಾಕ್ಸ್. ಮೊಬೈಲ್‌ನಲ್ಲಿ ಒತ್ತುವ ಟೆಸ್ಟ್ ಈ ಕೆಲಸಕ್ಕೆ ಸಾಲದು.

ಅಪ್ಪ ಅಮ್ಮಂದಿರಿಗೆ ಒಂದು ಕೋರಿಕೆ. ಟೆಸ್ಟ್ ಮುಗಿಸಿ ಬಂದ ಮಗುವನ್ನು ಎಷ್ಟು ಬಂತು ಅಂತ ಕೇಳುವ ಮೊದಲು, ಎಷ್ಟು ಬಿಟ್ಟೆ, ಯಾಕೆ ಬಿಟ್ಟೆ ಅಂತ ಕೇಳಿ. ಗೊತ್ತಿಲ್ಲದೆ ಬಿಟ್ಟಿದ್ದು ಬೇರೆ, ನೋಡೋಕೇ ಆಗದೆ ಉಳಿದಿದ್ದು ಬೇರೆ. ಮೊದಲನೆಯದಕ್ಕೆ ಇನ್ನಷ್ಟು ಓದಬೇಕು. ಎರಡನೆಯದಕ್ಕೆ ಟ್ಯೂಷನ್ ಹೆಚ್ಚಿಸಿ ಫಲ ಇಲ್ಲ. ಇದನ್ನು ಟ್ಯೂಷನ್ ಮೇಷ್ಟ್ರೇ ಹೇಳುತ್ತಿದ್ದೇನೆ.