ಲಿನಕ್ಸ್‌ನಲ್ಲಿ ಯಾವ ಸರ್ವಿಸ್ ನಿಲ್ಲಿಸಬಹುದು?

ಪುಣೆಯಲ್ಲಿ ನಮ್ಮ ಜೊತೆ ಲಿನಕ್ಸ್ ಕಲಿಯುತ್ತಿರುವ ಕನ್ನಡದ ಗೆಳೆಯರಿಗಾಗಿ ಈ ಟಿಪ್ಪಣಿ. ಸರ್ವಿಸ್ ಅಂದರೆ ಹಿನ್ನೆಲೆಯಲ್ಲಿ ತಾನಾಗಿ ಓಡುವ ಪ್ರೋಗ್ರಾಂ. ನಮ್ಮಲ್ಲಿ ಜಾಸ್ತಿ ಜನ ಹಿಂಜೆವಾಡಿ ಕಡೆಯ ಪಿಜಿಗಳಲ್ಲಿ ಇದ್ದೇವೆ. ಮಹಡಿಗೆಲ್ಲ ಒಂದೇ ವೈಫೈ. ಹಾಗಾಗಿ ಬೂಟ್ ಎಷ್ಟು ಬೇಗ ಆಗುತ್ತದೆ ಅನ್ನೋದು ಆಮೇಲಿನ ಮಾತು. ನಮ್ಮ ಲ್ಯಾಪ್‌ಟಾಪ್ ಆ ವೈಫೈಗೆ ಏನನ್ನು ತೆರೆದಿಟ್ಟಿದೆ ಅಂತ ಮೊದಲು ನೋಡಬೇಕು.

ಅದಕ್ಕೆ ‘ಸುಡೊ ಎಸ್‌ಎಸ್ -ಟಿಯುಎಲ್‌ಪಿಎನ್’ ಕೊಡಿ. ಯಾವ ಪ್ರೋಗ್ರಾಂ ಯಾವ ಪೋರ್ಟ್‌ನಲ್ಲಿ (ನೆಟ್‌ವರ್ಕ್‌ನಿಂದ ಒಳಬರುವ ನಂಬರ್ ಇರುವ ಬಾಗಿಲು) ಕಾಯುತ್ತಿದೆ ಅಂತ ಕಾಣುತ್ತದೆ. ವಿಳಾಸ 127.0.0.1 ಆಗಿದ್ದರೆ ಅದು ಯಂತ್ರದೊಳಗೇ ಉಳಿಯುತ್ತದೆ. 0.0.0.0 ಇದ್ದರೆ, ಫೈರ್‌ವಾಲ್ ತಡೆಯದಿದ್ದಾಗ, ಪಕ್ಕದ ರೂಮಿನವರಿಗೂ ಸಿಗುತ್ತದೆ.

ಹಲವು ಡೆಸ್ಕ್‌ಟಾಪ್‌ಗಳಲ್ಲಿ ಅವಾಹಿ ಅನ್ನೋ ಸರ್ವಿಸ್ 5353ನೇ ಪೋರ್ಟ್‌ನಲ್ಲಿ ಕಾಣುತ್ತದೆ. ಪ್ರಿಂಟರ್ ಮುಂತಾದವನ್ನು ವೈಫೈನಲ್ಲಿ ಹುಡುಕೋದು, ನಮ್ಮ ಯಂತ್ರದ ಹೆಸರನ್ನು ಅಲ್ಲಿ ಸಾರೋದು ಅದರ ಕೆಲಸ. ಪಿಜಿಯಲ್ಲಿ ಪ್ರಿಂಟರೇ ಇಲ್ಲ, ಅಲ್ವಾ? ಇನ್ನೊಂದು ಕಪ್ಸ್-ಬ್ರೌಸ್ಡ್, ನೆಟ್‌ವರ್ಕ್‌ನಲ್ಲಿ ಸಿಗುವ ಪ್ರಿಂಟರ್‌ಗಳನ್ನು ತಾನೇ ಸೇರಿಸುವ ಸರ್ವಿಸ್. ಇದನ್ನು ಹಗುರಾಗಿ ನೋಡಬೇಡಿ. 2024ರ ಸೆಪ್ಟೆಂಬರ್‌ನಲ್ಲಿ ಇದರ ದೋಷ ಬಯಲಾಯಿತು. ಯುಡಿಪಿ 631ನೇ ಪೋರ್ಟ್‌ನಲ್ಲಿ ಯಾರು ಏನು ಕಳಿಸಿದರೂ ಅದು ನಂಬುತ್ತಿತ್ತು. ಹೊರಗಿನವರು ಸುಳ್ಳು ಪ್ರಿಂಟರ್ ಸೇರಿಸಬಹುದಿತ್ತು. ನೀವು ಅದಕ್ಕೆ ಪ್ರಿಂಟ್ ಕೊಟ್ಟರೆ ಅವರ ಕಮಾಂಡ್ ನಿಮ್ಮ ಯಂತ್ರದಲ್ಲಿ ಓಡುತ್ತಿತ್ತು. ಪ್ರಿಂಟ್ ಮಾಡದವರು ಇದನ್ನು ಇಟ್ಟುಕೊಳ್ಳಲು ಕಾರಣವೇ ಇಲ್ಲ.

ನಿಲ್ಲಿಸುವಾಗ ಒಂದು ಗಮನಿಸಿ. ಸರ್ವಿಸ್‌ಗಳನ್ನು ನಿಭಾಯಿಸುವ ಕಮಾಂಡ್ ‘ಸಿಸ್ಟಂಸಿಟಿಎಲ್’. ಅದರ ‘ಸ್ಟಾಪ್’ ಈಗಿನ ಮಟ್ಟಿಗೆ ಮಾತ್ರ. ‘ಡಿಸೇಬಲ್’ ಮುಂದಿನ ಬೂಟ್‌ಗೆ. ಎರಡೂ ಬೇಕಾದರೆ ‘ಡಿಸೇಬಲ್ --ನೌ’. ಇಷ್ಟಾದರೂ ಪ್ರಿಂಟಿಂಗ್ ನೋಡಿಕೊಳ್ಳುವ ಕಪ್ಸ್ ಮತ್ತೆ ಎದ್ದು ಬರಬಹುದು. ಅದರ ಸಾಕೆಟ್ ಮತ್ತು ಪಾತ್ ಯೂನಿಟ್‌ಗಳು ಅದನ್ನು ಎಬ್ಬಿಸುತ್ತವೆ. ಅವನ್ನೂ ಡಿಸೇಬಲ್ ಮಾಡಿ. ಏನೇ ಆದರೂ ಏಳಬಾರದು ಅಂದರೆ ‘ಮಾಸ್ಕ್’ ಇದೆ. ಆದರೆ ಅದನ್ನು ಕೊನೆಗೆ ಬಳಸಿ.

ಮೊಬೈಲ್ ಡೇಟಾ ಮೋಡೆಮ್‌ಗಳನ್ನು ನೋಡಿಕೊಳ್ಳುವ ಮೋಡೆಮ್‌ಮ್ಯಾನೇಜರ್ ಬೇಕೋ ಬೇಡವೋ ಅನ್ನೋದು ನಿಮ್ಮ ಬಳಕೆ ಮೇಲಿದೆ. ಹುಬ್ಬಳ್ಳಿಗೆ ರೈಲಿನಲ್ಲಿ ಹೋಗುವಾಗ ಯುಎಸ್‌ಬಿ ಡಾಂಗಲ್ ಹಾಕುವವರು ಅದನ್ನು ಬಿಡಿ. ಮೊಬೈಲ್ ಹಾಟ್‌ಸ್ಪಾಟ್ ಸಾಕು ಅನ್ನುವವರು ತೆಗೆಯಬಹುದು. ಬ್ಲೂಟೂತ್‌ಗೂ ಇದೇ ಮಾತು.

ಬೂಟ್‌ನಲ್ಲಿ ಯಾವುದಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತ ತೋರಿಸುವ ‘ಸಿಸ್ಟಂಡಿ-ಅನಲೈಜ್ ಬ್ಲೇಮ್’ ಪಟ್ಟಿಯಲ್ಲಿ ಮೇಲಿದೆ ಅಂತ ಸುಮ್ನೆ ಯಾವುದನ್ನೂ ತೆಗೆಯಬೇಡಿ. ಸರ್ವಿಸ್‌ಗಳು ಒಟ್ಟೊಟ್ಟಿಗೆ ಶುರುವಾಗುತ್ತವೆ. ಒಂದಕ್ಕೆ ಎಂಟು ಸೆಕೆಂಡ್ ಹಿಡಿದರೂ ಬೇರೆ ಯಾವುದೂ ಅದಕ್ಕಾಗಿ ಕಾಯದೇ ಇರಬಹುದು. ನಿಜವಾಗಿ ತಡ ಮಾಡುತ್ತಿರುವುದು ಯಾವುದು ಅಂತ ‘ಸಿಸ್ಟಂಡಿ-ಅನಲೈಜ್ ಕ್ರಿಟಿಕಲ್-ಚೈನ್’ ತೋರಿಸುತ್ತದೆ.

ಡಿ-ಬಸ್, ಜರ್ನಲ್‌ಡಿ, ಲಾಗಿನ್‌ಡಿ, ಯುಡೆವ್‌ಡಿ, ಫೈರ್‌ವಾಲ್: ಇವು ಸಿಸ್ಟಂಗೇ ಬೇಕಾದವು, ಇವುಗಳ ತಂಟೆಗೆ ಹೋಗಬೇಡಿ. ಟೈಮ್ ಸಿಂಕ್ ಕೂಡ ಇರಲಿ. ಗಡಿಯಾರ ತುಂಬಾ ತಪ್ಪಿದರೆ ವೆಬ್‌ಸೈಟ್‌ಗಳ ಸರ್ಟಿಫಿಕೇಟ್ ಎರರ್ ಶುರುವಾಗುತ್ತದೆ. ಉಳಿದವುಗಳಲ್ಲಿ ಅನುಮಾನ ಬಂದರೆ ‘ಸಿಸ್ಟಂಸಿಟಿಎಲ್ ಲಿಸ್ಟ್-ಡಿಪೆಂಡೆನ್ಸೀಸ್ --ರಿವರ್ಸ್’ ಜೊತೆ ಆ ಸರ್ವಿಸ್ ಹೆಸರು ಕೊಡಿ. ಅದನ್ನು ಯಾರು ನೆಚ್ಚಿಕೊಂಡಿದ್ದಾರೆ ಅಂತ ಗೊತ್ತಾಗುತ್ತದೆ. ಒಂದು ಸಲಕ್ಕೆ ಒಂದನ್ನೇ ನಿಲ್ಲಿಸಿ, ರೀಬೂಟ್ ಮಾಡಿ, ‘ಸಿಸ್ಟಂಸಿಟಿಎಲ್ --ಫೇಲ್ಡ್’ ಕೊಟ್ಟು ಯಾವುದಾದರೂ ಫೇಲ್ ಆಗಿದೆಯೇ ನೋಡಿ, ಆಮೇಲೆ ಮುಂದಿನದಕ್ಕೆ ಹೋಗಿ.