ಮುಟ್ಟಿನ ನೋವಿನ ಮಾತ್ರೆ: ಯಾವುದು, ಯಾವಾಗ?

ಮುಟ್ಟಿನ ಹೊಟ್ಟೆನೋವು ತಡೆಯಲಾರದಷ್ಟಾದ ಮೇಲೆ ಮಾತ್ರೆ ಹುಡುಕುವವರೇ ನಮ್ಮಲ್ಲಿ ಹೆಚ್ಚು. ಅಷ್ಟು ಹೊತ್ತಿಗೆ ಮಾತ್ರೆ ಮಾಡಬಹುದಾಗಿದ್ದ ಕೆಲಸದಲ್ಲಿ ಒಂದಷ್ಟು ಕೈತಪ್ಪಿರುತ್ತದೆ.

ಮುಟ್ಟಿಗೆ ಮುಂಚೆ ಪ್ರೊಜೆಸ್ಟರಾನ್ ಹಾರ್ಮೋನು ಇಳಿಯುತ್ತಿದ್ದಂತೆ ಗರ್ಭಕೋಶದ ಒಳಪದರದಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ತಯಾರಾಗತೊಡಗುತ್ತವೆ. ಗರ್ಭಕೋಶದ ಸ್ನಾಯು ಹಿಂಡಿಕೊಳ್ಳುವುದು ಇವುಗಳಿಂದ. ನೋವು ಜೋರಾಗಿರುವವರಲ್ಲಿ ಒಳಗಿನ ಒತ್ತಡ 150 ಮಿ.ಮೀ. ಪಾದರಸವನ್ನು ದಾಟುವುದೂ ಉಂಟು. ತೋಳಿಗೆ ಪಟ್ಟಿ ಸುತ್ತಿ ಅಳೆಯುವ ರಕ್ತದೊತ್ತಡದ ಮೇಲಿನ ಅಂಕಿಯೇ ಸಾಮಾನ್ಯವಾಗಿ 120ರ ಆಸುಪಾಸು. ಹಿಂಡುವ ಒತ್ತಡ ಅದನ್ನೂ ಮೀರಿದರೆ ಸ್ನಾಯುವಿಗೆ ರಕ್ತ ಸರಿಯಾಗಿ ಹರಿಯದು. ಆಮ್ಲಜನಕ ಸಾಲದೆ ಅದು ನೋಯುತ್ತದೆ. "ಎಲ್ಲರಿಗೂ ಬರೋದೇ ತಾನೆ" ಎನ್ನುವವರಿಗೆ ಈ ಅಂಕಿಗಳನ್ನು ತೋರಿಸಬೇಕು. ಆ ದಿನಗಳಲ್ಲಿ ಕೆಲವರಿಗೆ ಭೇದಿ, ವಾಕರಿಕೆ ಆಗುವುದಕ್ಕೂ ಇದೇ ರಾಸಾಯನಿಕಗಳು ಕಾರಣ.

ಆಸ್ಪಿರಿನ್ ಜಾತಿಯ ಔಷಧಗಳು ಪ್ರೊಸ್ಟಗ್ಲಾಂಡಿನ್ ತಯಾರಿಕೆಯನ್ನೇ ತಡೆಯುತ್ತವೆ ಎಂದು 1971ರಲ್ಲಿ ತೋರಿಸಿಕೊಟ್ಟವರು ಬ್ರಿಟನ್ನಿನ ಔಷಧ ವಿಜ್ಞಾನಿ ಜಾನ್ ವೇನ್. 1982ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು. ವೈದ್ಯರ ಚೀಟಿ ಇಲ್ಲದೆ ಹಲವು ದೇಶಗಳಲ್ಲಿ ಸಿಗುವ ಐಬುಪ್ರೊಫೆನ್ ಕೆಲಸ ಮಾಡುವುದೂ ಹೀಗೆಯೇ, ನ್ಯಾಪ್ರೊಕ್ಸೆನ್ ಕೂಡ. ಆದರೆ ಇವು ತಡೆಯುವುದು ಹೊಸದಾಗಿ ತಯಾರಾಗುವುದನ್ನು ಮಾತ್ರ. ಆಗಲೇ ತಯಾರಾಗಿರುವುದರ ಮೇಲೆ ಇವುಗಳ ಆಟ ನಡೆಯದು. ಹಾಗಾಗಿ ಸ್ರಾವ ಶುರುವಾದ ಕೂಡಲೇ ಅಥವಾ ಮೊದಲ ಸೆಳೆತಕ್ಕೇ, ಊಟದ ಜೊತೆ ತೆಗೆದುಕೊಳ್ಳಬೇಕು. ಮೊದಲ ಎರಡು ಮೂರು ದಿನ ನೋವು ಮರಳಲಿ ಎಂದು ಕಾಯದೆ ಹೊತ್ತು ಹೊತ್ತಿಗೆ ನುಂಗುವುದು ಮೇಲು. ವಯಸ್ಕರಿಗೆ ಐಬುಪ್ರೊಫೆನ್ 200ರಿಂದ 400 ಮಿ.ಗ್ರಾಂ., ಆರರಿಂದ ಎಂಟು ಗಂಟೆಗೊಮ್ಮೆ. ವೈದ್ಯರನ್ನು ಕೇಳದೆ ದಿನಕ್ಕೆ 1200 ಮಿ.ಗ್ರಾಂ. ಮೀರಬಾರದು. ನ್ಯಾಪ್ರೊಕ್ಸೆನ್ ಪ್ರಭಾವ ಇನ್ನೂ ಹೆಚ್ಚು ಹೊತ್ತು ಇರುತ್ತದೆ. ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುವಂತಿಲ್ಲ.

ಪ್ಯಾರಾಸಿಟಮಾಲ್ ಬೇರೆಯೇ ದಾರಿಯದು. ಅದರ ಕೆಲಸ ಹೆಚ್ಚಾಗಿ ಮೆದುಳಿನ ಮಟ್ಟದಲ್ಲಿ, ಹಾಗಾಗಿ ಈ ನೋವಿಗೆ ಸ್ವಲ್ಪ ಸಪ್ಪೆ. ಹೊಟ್ಟೆಗೆ ಮಾತ್ರ ಮೃದು. ಮುಟ್ಟಿಗೆಂದೇ ಮಾರುವ ಕೆಲವು ಮಾತ್ರೆಗಳಲ್ಲಿ ಕೆಫೀನ್ ಅಥವಾ ಮೂತ್ರ ಹೆಚ್ಚಿಸುವ ಔಷಧದ ಜೊತೆ ಪ್ಯಾರಾಸಿಟಮಾಲ್ ಇರುತ್ತದೆ. ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದದಿದ್ದರೆ, ತಲೆನೋವಿಗೆಂದು ಇನ್ನೊಂದು ನುಂಗಿ ಗೊತ್ತಿಲ್ಲದೆ ಎರಡು ಪಾಲು ಒಳಗೆ ಹೋಗಬಹುದು; ಯಕೃತ್ತಿಗೆ ಅದು ಅಪಾಯ. ಬಿಸಿನೀರಿನ ಚೀಲವನ್ನು ಯಾವ ಮಾತ್ರೆಯ ಜೊತೆಗೂ ಇಟ್ಟುಕೊಳ್ಳಬಹುದು.

ಹೊಟ್ಟೆ ಹುಣ್ಣು, ಮೂತ್ರಪಿಂಡದ ತೊಂದರೆ, ಆಸ್ಪಿರಿನ್‌ಗೆ ಕೆರಳುವ ಅಸ್ತಮಾ ಇರುವವರು, ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುವವರು, ಗರ್ಭ ನಿಂತಿರಬಹುದೆಂಬ ಅನುಮಾನವಿರುವವರು ಐಬುಪ್ರೊಫೆನ್ ಜಾತಿಯನ್ನು ವೈದ್ಯರನ್ನು ಕೇಳದೆ ಮುಟ್ಟಬಾರದು. ಸರಿಯಾದ ಮಾತ್ರೆಯನ್ನು ಸರಿಯಾದ ಹೊತ್ತಿಗೆ ಎರಡು ಮೂರು ತಿಂಗಳು ತೆಗೆದುಕೊಂಡರೂ ಜಗ್ಗದ ನೋವು, ವರ್ಷದಿಂದ ವರ್ಷಕ್ಕೆ ಏರುವ ನೋವು, ಮುಟ್ಟಿಲ್ಲದ ದಿನಗಳಲ್ಲೂ ಕಾಡುವ ನೋವು ಇದ್ದರೆ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಪದರ ಅದರ ಹೊರಗೂ ಬೆಳೆಯುವ ಕಾಯಿಲೆ) ಅಥವಾ ಗರ್ಭಕೋಶದ ಗಡ್ಡೆ ಇದೆಯೇ ಎಂದು ಪರೀಕ್ಷೆ ಮಾಡಿಸಬೇಕು.