ಅವತಾರಗಳ ಊರಿನಲ್ಲಿ ಕಟ್ಟಳೆ ಯಾರದು?

1993ರಲ್ಲಿ ಲ್ಯಾಂಬ್ಡಾಮೂ ಎಂಬ ಆನ್‌ಲೈನ್ ಲೋಕದ ಹಜಾರದಲ್ಲಿ ಒಂದು ಹಲ್ಲೆ ನಡೆಯಿತು. ಅಲ್ಲಿ ಚಿತ್ರವಿರಲಿಲ್ಲ, ದನಿಯಿರಲಿಲ್ಲ. ಇದ್ದದ್ದು ಪರದೆಯ ಮೇಲೆ ಓಡುವ ಅಕ್ಷರ ಮಾತ್ರ. ಒಬ್ಬ ಬಳಕೆದಾರ ಪುಟ್ಟ ಪ್ರೋಗ್ರಾಮೊಂದರ ನೆರವಿನಿಂದ ಬೇರೆಯವರ ಪಾತ್ರಗಳೇ ಲೈಂಗಿಕ ಹಿಂಸೆಯಲ್ಲಿ ತೊಡಗಿವೆ ಎಂಬಂತೆ ಸಾಲುಗಳನ್ನು ಎಲ್ಲರೆದುರು ಮೂಡಿಸಿದ. ಮರುದಿನ ಅದನ್ನು ಖಂಡಿಸಿ ಬರೆಯುವಾಗ, ಆ ಪಾತ್ರವೊಂದರ ಹಿಂದಿದ್ದ ಮಹಿಳೆಯ ಕಣ್ಣಲ್ಲಿ ನೀರು ಹರಿಯುತ್ತಿತ್ತು. ಮೈಗೆ ಒಂದು ಗೀರೂ ಬಿದ್ದಿರಲಿಲ್ಲ.

ವರ್ಚುವಲ್ ಲೋಕಗಳ ಒಳಿತು ಕೆಡುಕಿನ ಮಾತು ಬಂದಾಗಲೆಲ್ಲ ನನಗೆ ಆ ಕಣ್ಣೀರು ನೆನಪಾಗುತ್ತದೆ. ಅಲ್ಲಿ ಆಗುವುದು ಮನಸ್ಸಿಗೆ ನಿಜವಾಗಿಯೇ ತಟ್ಟುತ್ತದೆ. ಸ್ನೇಹವೂ ಹಾಗೆಯೇ, ಗಾಯವೂ ಹಾಗೆಯೇ. ಹಾಗಿದ್ದ ಮೇಲೆ ಅಲ್ಲಿ ನ್ಯಾಯ ಹೇಳಬೇಕಾದವರು ಯಾರು?

ಈ ಪ್ರಶ್ನೆ ಹಳೆಯದು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಯ್ ಟ್ರಬ್‌ಶಾ ‘ಮಡ್’ ಎಂಬ ಅಕ್ಷರಲೋಕ ಕಟ್ಟಲು ತೊಡಗಿದರು. ರಿಚರ್ಡ್ ಬಾರ್ಟಲ್ ಅದನ್ನು ಬೆಳೆಸಿದರು. 1980ರ ದಶಕದ ನಡುವೆ ಲ್ಯೂಕಸ್‌ಫಿಲ್ಮ್ ಎಂಬ ಸಿನಿಮಾ ಕಂಪನಿಯ ತಂಡ ‘ಹ್ಯಾಬಿಟ್ಯಾಟ್’ ಎಂಬ ಚಿತ್ರಗಳಿದ್ದ ಲೋಕ ರೂಪಿಸಿತು. ಪರದೆಯ ಮೇಲೆ ಬಳಕೆದಾರರ ಪರವಾಗಿ ಓಡಾಡುವ ಆಕೃತಿಗೆ ಅವರು ಇಟ್ಟ ಹೆಸರು ನಮಗೆ ಚಿರಪರಿಚಿತ: ಅವತಾರ. ಜನ ಸೇರಿದ್ದೇ ತಡ, ಕಳವು ಕೊಲೆಗಳೂ ಶುರುವಾದವು. ನಿಜಜೀವನದಲ್ಲಿ ಪಾದ್ರಿಯಾಗಿದ್ದ ಒಬ್ಬರು ಅಲ್ಲೊಂದು ಚರ್ಚ್ ತೆರೆದು, ಅನುಯಾಯಿಗಳು ಆಯುಧ ಹಿಡಿಯಬಾರದು, ಕದಿಯಬಾರದು ಎಂಬ ವ್ರತ ವಿಧಿಸಿದರು. ಕಂಪನಿ ಹೇಳಿ ಮಾಡಿಸಿದ್ದಲ್ಲ ಅದು. ಈ ಇತಿಹಾಸದಲ್ಲಿ ನನಗೆ ತುಂಬ ಇಷ್ಟವಾಗುವ ಪ್ರಸಂಗ ಇದೇ.

ಲ್ಯಾಂಬ್ಡಾಮೂ ಅದಕ್ಕಿಂತ ಮುಂದೆ ಹೋಯಿತು. ಅದನ್ನು ಕಟ್ಟಿದ ಪಾವೆಲ್ ಕರ್ಟಿಸ್, ಜಗಳಗಳಲ್ಲಿ ನಿರ್ವಾಹಕರು ತಲೆಹಾಕುವುದಿಲ್ಲ ಎಂದು ಮೊದಲೇ ಘೋಷಿಸಿಬಿಟ್ಟಿದ್ದರು. ಹಲ್ಲೆಯ ನಂತರ ನಿವಾಸಿಗಳು ಗಂಟೆಗಟ್ಟಲೆ ಚರ್ಚಿಸಿದರೂ ಒಮ್ಮತ ಮೂಡಲಿಲ್ಲ. ಕೊನೆಗೆ ನಿರ್ವಾಹಕರೊಬ್ಬರು ತಾವಾಗಿಯೇ ಹಲ್ಲೆ ಮಾಡಿದವನ ಪಾತ್ರವನ್ನು ಅಳಿಸಿಹಾಕಿದರು. ಆಮೇಲೆ ಕರ್ಟಿಸ್ ಅರ್ಜಿ ಮತ್ತು ಮತದಾನದ ಪದ್ಧತಿ ತಂದರು. ಬಳಕೆದಾರರೇ ಕಟ್ಟಳೆ ಮಾಡಿಕೊಳ್ಳುವ ಆ ಪ್ರಯೋಗ ಸುಸ್ತು ತರಿಸುವಂಥದ್ದಾಗಿತ್ತು. 1996ರಲ್ಲಿ ನಿರ್ವಾಹಕರು ಅಧಿಕಾರವನ್ನು ಮತ್ತೆ ಕೈಗೆತ್ತಿಕೊಂಡರು.

2003ರಲ್ಲಿ ಬಂದ ‘ಸೆಕೆಂಡ್ ಲೈಫ್’ ಎಂಬ ವರ್ಚುವಲ್ ಲೋಕದಲ್ಲಿ ಹಣವೂ ಸೇರಿಕೊಂಡಿತು. ಅಲ್ಲಿನ ನಾಣ್ಯವನ್ನು ಡಾಲರಿಗೆ ಬದಲಿಸಿಕೊಳ್ಳಬಹುದಿತ್ತು. ಭಾರೀ ಬಡ್ಡಿಯ ಆಸೆ ತೋರಿಸಿದ ಜಿಂಕೊ ಎಂಬ ‘ಬ್ಯಾಂಕ್’ 2007ರಲ್ಲಿ ಮುಳುಗಿ, ಠೇವಣಿ ಇಟ್ಟವರು ನಿಜವಾದ ದುಡ್ಡು ಕಳೆದುಕೊಂಡರು. ಪರವಾನಗಿಯಿಲ್ಲದ ಬ್ಯಾಂಕುಗಳನ್ನು ಕಂಪನಿ ನಿಷೇಧಿಸಿದ್ದು ಅದಾದ ಮೇಲೆ, 2008ರ ಜನವರಿಯಲ್ಲಿ.

ಒಳಿತನ್ನು ಹೇಳದಿದ್ದರೆ ಅನ್ಯಾಯವಾದೀತು. ಸ್ನಾಯು ಕ್ಷೀಣಿಸುವ ಕಾಯಿಲೆಯಿಂದ ಗಾಲಿಕುರ್ಚಿಗೆ ಅಂಟಿಕೊಂಡಿದ್ದ ನಾರ್ವೆಯ ಯುವಕನೊಬ್ಬ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆನ್‌ಲೈನ್ ಆಟದಲ್ಲಿ ಸಾವಿರಾರು ಗಂಟೆ ಕಳೆದಿದ್ದ. ಮಗ ಒಂಟಿಯಾಗಿಯೇ ಹೋದ ಎಂದು ತಂದೆತಾಯಿ ಕೊರಗುತ್ತಿದ್ದರು. 2014ರಲ್ಲಿ ಅವನು ತೀರಿಕೊಂಡ ಸುದ್ದಿ ತಿಳಿಸಿದಾಗ ಹಲವು ದೇಶಗಳ ಆಟಗಾರರಿಂದ ಪತ್ರಗಳು ಬಂದವು. ಕೆಲವರು ಅಂತ್ಯಕ್ರಿಯೆಗೇ ಬಂದರು. ಅವರ ಕಷ್ಟಕ್ಕೆ ಕಿವಿಯಾಗಿ ಕೂತವನು ಅವನು. ಗಾಲಿಕುರ್ಚಿಯನ್ನು ಕಾಣದ ಆ ಲೋಕ ಅವನನ್ನು ಚೆನ್ನಾಗಿಯೇ ಕಂಡಿತ್ತು.

ಆಟ ಬಿಡಲಾಗದೆ ಊಟ, ನಿದ್ದೆ, ಓದು ಹಾಳುಮಾಡಿಕೊಂಡವರೂ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಗಳ ಪಟ್ಟಿಯಲ್ಲಿ ಗೇಮಿಂಗ್ ವ್ಯಸನಕ್ಕೂ ಜಾಗವಿದೆ. ಇನ್ನೊಂದು ನೋವಿನ ಬಗ್ಗೆ ಮಾತು ಕಡಿಮೆ: ಲೋಕವನ್ನು ನಡೆಸುವ ಸರ್ವರ್ ಕಂಪ್ಯೂಟರನ್ನು ಕಂಪನಿ ನಿಲ್ಲಿಸಿದರೆ ಊರೇ ಇಲ್ಲವಾಗುತ್ತದೆ. ‘ಸಿಟಿ ಆಫ್ ಹೀರೋಸ್’ ಎಂಬ ಆನ್‌ಲೈನ್ ಆಟ 2012ರ ನವೆಂಬರ್‌ನಲ್ಲಿ ಹಾಗೆ ಮುಚ್ಚಿತು. ಉಳಿಸಿಕೊಡಿ ಎಂದು ಆಟಗಾರರು ಬೇಡಿಕೊಂಡರೂ ಫಲ ಸಿಗಲಿಲ್ಲ.

2021ರ ಡಿಸೆಂಬರ್‌ನಲ್ಲಿ ಫೇಸ್‌ಬುಕ್‌ನ ಒಡೆಯ ಕಂಪನಿ ಮೆಟಾ ತನ್ನ ‘ಹೊರೈಜನ್ ವರ್ಲ್ಡ್ಸ್’ ಎಂಬ ವರ್ಚುವಲ್ ಲೋಕವನ್ನು ಅಮೆರಿಕ, ಕೆನಡಾಗಳ ವಯಸ್ಕರಿಗೆ ತೆರೆಯಿತು. ಅವತಾರಗಳನ್ನು ಸುತ್ತುವರಿದು ಕಿರುಕುಳ ಕೊಟ್ಟ ದೂರುಗಳು ಕೂಡಲೇ ಬಂದವು. 2022ರ ಫೆಬ್ರವರಿಯಲ್ಲಿ ಕಂಪನಿ ಎರಡು ಅವತಾರಗಳ ನಡುವೆ ಸುಮಾರು 4 ಅಡಿ ಅಂತರವಿಡುವ ಕಾಣದ ಗೆರೆ ಎಳೆಯಿತು; ಮುಂದಿನ ತಿಂಗಳು, ಬೇಕಾದಂತೆ ಹೊಂದಿಸಿಕೊಳ್ಳಿ ಎಂದು ಸಡಿಲಿಸಿತು. ಎರಡೂ ಕಂಪನಿಯ ತೀರ್ಮಾನಗಳು. ನಿವಾಸಿಗಳ ಮತ ಕೇಳುವ ಪದ್ಧತಿ ಅಲ್ಲಿರಲಿಲ್ಲ.